ಏಕಾನ್‌ನನ್ನು ಕೇಳುವ ಬಗೆ

'ರಾ.ವನ್' ಸಿನಿಮಾದ 'ಛಮ್ಮಕ್ ಛಲ್ಲೋ' ಕಿವಿಗೆ ಬೀಳದವರು ನಮ್ಮಲ್ಲಿ ಕಡಿಮೆ. 2011ರಲ್ಲಿ ಬಂದ ಆ ಹಾಡಿನ ತೆಳ್ಳನೆಯ, ಮೂಗಿನಿಂದ ತುಸು ಎಳೆದಂತಿರುವ ಗಂಡುದನಿ ಏಕಾನ್‌ನದು. ಇಷ್ಟು ಗೊತ್ತಿರುವವರೂ ಅವನನ್ನು ಬರೀ ಗಾಯಕನೆಂದೇ ತಿಳಿದಿದ್ದಾರೆ. ಅವನು ಗಾಯಕ ಹೌದು, ಆದರೆ ಅದಕ್ಕಿಂತ ದೊಡ್ಡದಾಗಿ ಧ್ವನಿಗಳನ್ನು ಹುಡುಕಿ ಬೆಳೆಸಿದವನು. 'ಕಾನ್ವಿಕ್ಟ್ ಮ್ಯೂಸಿಕ್' ಎಂಬ ಅವನ ಲೇಬಲ್ಲಿನಿಂದ ಹೊರಬಂದ ಹಾಡುಗಳನ್ನು, ಹಾಡಿದವರು ಯಾರೇ ಇರಲಿ, ಒಬ್ಬನೇ ಕಲಾವಿದನ ಕೆಲಸವೆಂಬಂತೆ ಸಾಲಾಗಿ ಕೇಳಬೇಕು. ಆಗಲೇ ಅವನು ಪೂರ್ತಿ ದಕ್ಕುವುದು.

ಹಾಡು ಶುರುವಾಗುವ ಮುಂಚಿನ ಎರಡು ಮೂರು ಕ್ಷಣಗಳಿಗೆ ಕಿವಿ ಕೊಡಿ. ಜೈಲಿನ ಕಬ್ಬಿಣದ ಬಾಗಿಲು ಖಣಾರನೆ ಮುಚ್ಚಿದ ಸದ್ದು, ಅದರ ಬೆನ್ನಿಗೇ ಲೇಬಲ್ಲಿನ ಹೆಸರು. ದಾಸರ ಪದಗಳಲ್ಲಿ ಅಂಕಿತ ಕೊನೆಗೆ ಬಂದರೆ ಇಲ್ಲಿ ಅದು ಮೊದಲಿಗೇ ಬರುತ್ತದೆ. ಇದನ್ನು ಜಾಹೀರಾತೆಂದು ತಳ್ಳಿಹಾಕಬೇಡಿ. ಲೇಡಿ ಗಾಗಾಳ 'ಜಸ್ಟ್ ಡ್ಯಾನ್ಸ್' (2008) ಹಾಕಿ ನೋಡಿ. ಗಾಯನ ಶುರುವಾಗುವ ಮೊದಲೇ ಮೂರು ಹೆಸರು ಕೇಳಿಸುತ್ತವೆ: ರಾಗ ಹಾಕಿದ ರೆಡ್‌ಒನ್, ಆಮೇಲೆ ಕಾನ್ವಿಕ್ಟ್, ಆಮೇಲೆ ಗಾಗಾ. ಒಬ್ಬ ಮೊರಾಕ್ಕೊದಲ್ಲಿ ಹುಟ್ಟಿದವನು, ಇನ್ನೊಬ್ಬ, ಅಂದರೆ ಏಕಾನ್, ಸೆನೆಗಲ್ ಮೂಲದವನು, ಮೂರನೆಯವಳು ನ್ಯೂಯಾರ್ಕಿನ ಹುಡುಗಿ. ಆ ಹುಡುಗಿಯನ್ನು ಡೆಫ್ ಜಾಮ್ ಕಂಪನಿ ಒಮ್ಮೆ ಸೇರಿಸಿಕೊಂಡು ಕೈಬಿಟ್ಟಿತ್ತು. ಅವಳು ಬೇರೆಯವರಿಗೆ ಹಾಡು ಬರೆದುಕೊಡುತ್ತಿದ್ದ ಕಾಲದಲ್ಲಿ ಏಕಾನ್ ಅವಳ ದನಿ ಕೇಳಿದ, ಇಂಟರ್‌ಸ್ಕೋಪ್ ಕಂಪನಿಯನ್ನು ಒಪ್ಪಿಸಿ 'ಕಾನ್ ಲೈವ್' ಎಂಬ ತನ್ನ ಇನ್ನೊಂದು ಲೇಬಲ್ಲಿಗೂ ಸೇರಿಸಿಕೊಂಡ. 2009ರ ಜನವರಿಯಲ್ಲಿ ಹಾಡು ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ನಡುವೆ ಬರುವ ಗಂಡುದನಿ ಕಾಲ್ಬಿ ಒಡೊನಿಸ್‌ನದು. ಅವನೂ ಅದೇ ಲೇಬಲ್ಲಿನ ಹುಡುಗ.

ಈ ಕಿವಿ ಅವನಿಗೆ ಎಲ್ಲಿಂದ ಬಂತು? ಏಕಾನ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಎಳವೆ ಕಳೆದದ್ದು ಸೆನೆಗಲ್‌ನಲ್ಲಿ, ಏಳರ ಸುಮಾರಿಗೆ ಬಂದು ನೆಲೆಸಿದ್ದು ನ್ಯೂಜೆರ್ಸಿಯಲ್ಲಿ. ಅಪ್ಪ ಅಮ್ಮ ಅಟ್ಲಾಂಟಾಕ್ಕೆ ಹೋದಾಗ ಅಣ್ಣನ ಜೊತೆ ಜೆರ್ಸಿ ಸಿಟಿಯಲ್ಲೇ ಉಳಿದು ಡಿಕಿನ್ಸನ್ ಹೈಸ್ಕೂಲಿನಲ್ಲಿ ಓದಿದ. ದಿನಸಿಗೆಂದು ನ್ಯೂಅರ್ಕ್ ಅವೆನ್ಯೂವಿನ ಇಂಡಿಯಾ ಸ್ಕ್ವೇರ್‌ಗೆ ಹೋಗುವ ಕನ್ನಡಿಗರಿಗೆ ಈ ಊರು ಹೊಸದಲ್ಲ. ಅಪ್ಪ ಮೋರ್ ಥಿಯಾಮ್ ಜೆಂಬೆ ಎಂಬ ಚರ್ಮವಾದ್ಯದ ದೊಡ್ಡ ವಾದಕರು. ನೃತ್ಯಗಾರ್ತಿ ಕ್ಯಾಥರೀನ್ ಡನ್‌ಹ್ಯಾಮ್ ಅವರ ಜೊತೆ ಕೆಲಸ ಮಾಡಲು ಅಮೆರಿಕಕ್ಕೆ ಬಂದವರು. ಥಿಯಾಮ್ ಅವರ 'ದಿನಿ ಸಫಾರಾರ್' (1973) ಆಲ್ಬಂ ಸಿಕ್ಕರೆ ಬಿಡಬೇಡಿ. ಅಲ್ಲಿ ಒಂದು ಚರ್ಮವಾದ್ಯ ಕೇಳಿದ್ದಕ್ಕೆ ಇನ್ನೊಂದು ಉತ್ತರ ಕೊಡುತ್ತದೆ, ಮೂರನೆಯದು ನಡುವೆ ಬಾಯಿ ಹಾಕುತ್ತದೆ. ಅದನ್ನು ಕೇಳಿದ ಮೇಲೆ ಮಗನ 'ಲಾಕ್ಡ್ ಅಪ್' (2004) ಹಾಕಿ. ತಾಳ ಯಂತ್ರದ್ದು, ಅದೂ ನಾಲ್ಕೇ ಪೆಟ್ಟು. ಅಪ್ಪನ ಡೋಲುಗಳ ನಡುವಿನ ಮಾತುಕತೆ ಇಲ್ಲಿ ದನಿಗಳ ನಡುವೆ ನಡೆಯುತ್ತಿದೆ: ಒಬ್ಬನೇ ಹಾಡಿ, ಅದರ ಮೇಲೆ ತಾನೇ ಮತ್ತೆ ಹಾಡಿ, ಹಿಂದಿನಿಂದ ತಾನೇ ಸೊಲ್ಲು ಕೊಡುತ್ತಾನೆ. ಹೆಡ್‌ಫೋನ್ ಹಾಕಿಕೊಂಡು ಮುಖ್ಯ ದನಿಯನ್ನು ಬಿಟ್ಟು ಹಿಂದಿನ ದನಿಯೊಂದನ್ನೇ ಹಿಂಬಾಲಿಸಿ. ಈ ಸಂಗೀತ ನಿಮ್ಮದಾಗಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತೋಚದು.

ಏಕಾನ್‌ನದೇ ಇನ್ನೊಂದು ಹಾಡು 'ಲೋನ್ಲಿ' ಕೇಳುವಾಗ ಗಮನ ಬೇರೆ ಕಡೆ ಇರಬೇಕು. ಪುಟ್ಟ ಮಗುವೋ ಅಳಿಲೋ ಹಾಡಿದಂತಿರುವ ಆ ಪಲ್ಲವಿ 1964ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ್ದ ಬಾಬಿ ವಿಂಟನ್ ಹಾಡಿನ ತುಣುಕು. ಅದರ ವೇಗ ಹೆಚ್ಚಿಸಿದಾಗ ಶ್ರುತಿಯೂ ಮೇಲೇರಿ, ದೊಡ್ಡವನ ಅಳಲು ಮಗುವಿನ ಅಳುವಾಯಿತು. ಮೂಲ ಹಾಡನ್ನು ಮೊದಲು ಕೇಳಿ, ಆಮೇಲೆ ಇದನ್ನು. ಎರವಲು ತಂದದ್ದಕ್ಕೆ ಹೊಸ ಜೀವ ಹೇಗೆ ಬಂತೆಂಬುದು ತಾನಾಗಿ ತಿಳಿಯುತ್ತದೆ. 2005ರಲ್ಲಿ ಬ್ರಿಟನ್ನಿನಲ್ಲೂ ಈ ಹಾಡು ಮೊದಲ ಸ್ಥಾನದಲ್ಲಿತ್ತು.

ಲೇಬಲ್ ನಡೆಸುವವನ ಗುಣ ಎದ್ದು ಕಾಣುವುದು ಟಿ-ಪೇನ್ ವಿಷಯದಲ್ಲಿ. ಫ್ಲಾರಿಡಾದ ಈ ಹುಡುಗ 'ಲಾಕ್ಡ್ ಅಪ್' ಹಾಡನ್ನೇ ತನ್ನ ಮಾತು ಹಾಕಿ ಬದಲಿಸಿ ಹಾಡಿದ್ದ. ಬೇರೆ ಯಾರೇ ಆಗಿದ್ದರೂ ವಕೀಲರ ನೋಟಿಸ್ ಕಳಿಸುತ್ತಿದ್ದರೇನೋ. ಏಕಾನ್ ಅವನನ್ನೇ ಕರೆದು ಲೇಬಲ್ಲಿಗೆ ಸೇರಿಸಿಕೊಂಡ, 2005ರಲ್ಲಿ ಅವನ ಮೊದಲ ಆಲ್ಬಂ ಬಂತು. ಶ್ರುತಿ ತಿದ್ದುವ ಆಟೋ-ಟ್ಯೂನ್ ತಂತ್ರಾಂಶವನ್ನು ಟಿ-ಪೇನ್ ಮುಚ್ಚಿಡದೆ ವಾದ್ಯದಂತೆ ಬಳಸಿದ. ಮುಂದಿನ ಕೆಲವು ವರ್ಷ ಅಮೆರಿಕದ ರೇಡಿಯೊ ತುಂಬ ಅದೇ ದನಿ.

ಏಕಾನ್‌ನ ಎಲ್ಲ ಹಾಡೂ ಚೆನ್ನಾಗಿವೆಯೆಂದು ನಾನು ಹೇಳಲಾರೆ. 2006ರ ಕೊನೆಗೆ ಬಿಲ್‌ಬೋರ್ಡಿನ ಮೊದಲೆರಡು ಸ್ಥಾನಗಳನ್ನು ಒಟ್ಟಿಗೆ ಹಿಡಿದಿದ್ದ 'ಐ ವನ್ನಾ ಲವ್ ಯೂ', 'ಸ್ಮ್ಯಾಕ್ ದಟ್' ಎರಡರಲ್ಲೂ ಹೆಣ್ಣನ್ನು ನೋಡುವ ರೀತಿ ಅಗ್ಗದ್ದು. ಜೈಲುವಾಸದ ಬಗ್ಗೆ ಅವನು ಹೇಳಿಕೊಂಡ ಕಥೆಗಳನ್ನು 2008ರಲ್ಲಿ ದಾಖಲೆ ಹಿಡಿದು ಪ್ರಶ್ನಿಸಿದವರಿದ್ದಾರೆ. 2020ರಲ್ಲಿ ಸೆನೆಗಲ್‌ನಲ್ಲಿ ಅಡಿಗಲ್ಲು ಹಾಕಿದ 'ಏಕಾನ್ ಸಿಟಿ' ಯೋಜನೆಯನ್ನು 2025ರಲ್ಲಿ ಕೈಬಿಡಲಾಯಿತು. ಇವನ್ನೆಲ್ಲ ತಿಳಿದುಕೊಂಡೇ ಕೇಳಿ. ಹಾಡುಗಾರರನ್ನು ಆರಿಸುವ ಅವನ ಕಿವಿಯ ಮೇಲಿನ ನನ್ನ ಗೌರವ ಇದರಿಂದ ಕುಂದಿಲ್ಲ.

ಇಷ್ಟಾದ ಮೇಲೆ ನೈಜೀರಿಯಾದ ಅವಳಿ ಸೋದರರಾದ ಪಿ-ಸ್ಕ್ವೇರ್ ಅವರ 'ಚಾಪ್ ಮೈ ಮನಿ' ರೀಮಿಕ್ಸ್ (2012) ಕೇಳಿ. ಅಲ್ಲಿ ಏಕಾನ್ ಲಾಗೋಸಿನ ತಾಳಕ್ಕೆ ತಾನು ಹೊಂದಿಕೊಂಡು ಹಾಡುತ್ತಾನೆ, ಅತಿಥಿಯಾಗಿ. ನ್ಯೂಯಾರ್ಕಿನಲ್ಲಿ ಇರುವವರಾದರೆ ಹಾರ್ಲೆಮ್‌ನ 116ನೇ ಬೀದಿಗೂ ಹೋಗಿ. ಸೆನೆಗಲ್‌ನವರ ಊಟದ ಮನೆಗಳು ಅಲ್ಲಿವೆ. ಸೆನೆಗಲ್‌ನ ಗಾಯಕ ಯೂಸು ನ್ದೂರ್ ಅವರ ಹಾಡು ಯಾವುದಾದರೂ ಕೇಳಿಬಂದರೆ ಊಟ ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತಿರಿ. ಅವರೂ ಡಕಾರ್‌ನಲ್ಲಿ ಸ್ವಂತ ಸ್ಟುಡಿಯೊ, ಸ್ವಂತ ಲೇಬಲ್ ಕಟ್ಟಿದವರೇ.