ಕಾಲಿನ ಮೂಳೆ ದವಡೆಯಾಗುವ ಬಗೆ

ಬಾಯಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯೆಂದರೆ ಗಡ್ಡೆ ಕತ್ತರಿಸಿ ತೆಗೆಯುವುದು ಎಂಬ ತಿಳಿವಳಿಕೆ ನಮ್ಮಲ್ಲಿದೆ. ಆದರೆ ಈ ವೈದ್ಯರ ಕಸುಬು ನಿಜವಾಗಿ ಬೆರಗು ಹುಟ್ಟಿಸುವುದು ತೆಗೆದುದನ್ನು ಮತ್ತೆ ಕಟ್ಟುವಾಗ. ಹೊಗೆಸೊಪ್ಪನ್ನು ಕೆನ್ನೆಯ ಸಂದಿಯಲ್ಲಿ ಒತ್ತರಿಸಿಡುವ ನಮ್ಮ ನಾಡಿನಲ್ಲಿ ರೋಗ ವಸಡಿನಿಂದ ಮೂಳೆಗಿಳಿದು, ಕೆಳದವಡೆಯ ತುಂಡನ್ನೇ ತೆಗೆಯಬೇಕಾಗುವುದುಂಟು. ಒಂದು ತಂಡ ಕುತ್ತಿಗೆಯ ನರಗಳನ್ನು ಕಾಯುತ್ತ ಗ್ರಂಥಿಗಳನ್ನು ಬಿಡಿಸುವಾಗಲೇ ಇನ್ನೊಂದು ತಂಡ ಮೊಣಕಾಲ ಕೆಳಗಿನ ತೆಳುಮೂಳೆ ಫಿಬುಲಾವನ್ನು ಅದರ ರಕ್ತನಾಳ, ಚರ್ಮಗಳೊಡನೆ ಎತ್ತುತ್ತದೆ. ಕೀಲುಗಳು ಭದ್ರವಾಗಿರಲೆಂದು ಎರಡೂ ತುದಿಗಳಲ್ಲಿ ಸುಮಾರು 6 ಸೆಂಟಿಮೀಟರ್ ಉಳಿಸುತ್ತಾರೆ. ದವಡೆಗೆ ಈ ಮೂಳೆ ಒಗ್ಗುತ್ತದೆಂದು 1989ರಲ್ಲಿ ತೋರಿಸಿದವರು ಅಮೆರಿಕದ ಡೇವಿಡ್ ಹಿಡಾಲ್ಗೊ. ನೆಟ್ಟಗಿನ ಮೂಳೆಯಿಂದ ಬೆಣೆಯಾಕಾರದ ಚೂರು ತೆಗೆದು, ಗಲ್ಲದ ಬಾಗು ಬರುವಂತೆ ಮಡಿಸಿ, ಟೈಟಾನಿಯಂ ಪಟ್ಟಿಗೆ ಬಿಗಿಯುತ್ತಾರೆ. ಬಳಿಕ ಸೂಕ್ಷ್ಮದರ್ಶಕದಡಿ ಎರಡು ಮೂರು ಮಿಲಿಮೀಟರಿನ ನಾಳಗಳನ್ನು ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯುತ್ತಾರೆ. ನಾಳಗಳಿಗೆ ಹಾಕಿದ್ದ ಕ್ಲಿಪ್ ಬಿಚ್ಚಿದೊಡನೆ ಬಿಳಿಚಿದ ಚರ್ಮಕ್ಕೆ ಕೆಂಪು ಮರಳುತ್ತದೆ. ಎಂಥ ಗಳಿಗೆ ಅದು!

ಜೀವ ಉಳಿದರೆ ಸಾಲದೇ, ಇಷ್ಟು ಗಂಟೆ, ಇಷ್ಟು ಖರ್ಚು ಏಕೆ ಎಂದು ಕೇಳುವವರಿದ್ದಾರೆ. ಖರ್ಚಿನ ಮಾತು ಸುಳ್ಳಲ್ಲ. ಎದೆಯ ಸ್ನಾಯುವನ್ನು ಹೊರಳಿಸಿ ಮುಚ್ಚುವ ಸರಳ ವಿಧಾನ ಇಂದಿಗೂ ಎಷ್ಟೋ ಜನರನ್ನು ಕಾಪಾಡುತ್ತಿದೆ. ಆದರೆ ಗಲ್ಲದ ಮೂಳೆ ಹೋದವರಿಗೆ ಜೊಲ್ಲು ತಡೆಯುವುದೂ, ಮುದ್ದೆ ನುಂಗುವುದೂ, ಮನೆಯವರ ಹೆಸರು ಕೂಗುವುದೂ ಕಷ್ಟ. ಇದನ್ನು ಬರೀ ಅಂದದ ಪ್ರಶ್ನೆ ಎನ್ನಲಾಗದು. ಕಟ್ಟುವವರು ಜೊತೆಗಿದ್ದಾರೆಂಬ ಭರವಸೆಯಿದ್ದಾಗಲೇ ಕತ್ತರಿಸುವ ಕೈ ಗಡ್ಡೆಯ ಸುತ್ತ ಸಾಕಷ್ಟು ಅಂಚು ಸೇರಿಸಿ ತೆಗೆಯಲು ಹಿಂಜರಿಯುವುದಿಲ್ಲ. ಆಮೇಲೂ ರಾತ್ರಿಯಿಡೀ ಯಾರಾದರೊಬ್ಬರು ಬಾಯೊಳಗಿನ ಆ ಹೊಸ ಚರ್ಮದ ಬಣ್ಣ, ಬಿಸುಪು ನೋಡುತ್ತಲೇ ಇರುತ್ತಾರೆ.