ತೆಗೆದದ್ದು, ತೆಗೆದುಕೊಂಡದ್ದು

ಜಾಬ್ರಿಯಾದ ನಮ್ಮ ಕಟ್ಟಡದಲ್ಲಿ ಇಟಲಿಯ ಹೆಂಗಸೊಬ್ಬರಿದ್ದಾರೆ. ಚಹಾ ಕುಡಿದು ಏಳುವಾಗ ಅವರ ಮಾತು: ‘ತೊಲ್ಗೊ ಇಲ್ ದಿಸ್ತುರ್ಬೊ’. ಅಕ್ಷರಶಃ ‘ತೊಂದರೆಯನ್ನು ತೆಗೆಯುತ್ತೇನೆ’. ಅಂದರೆ, ಇನ್ನು ಹೊರಟೆ. ನಾವಾದರೆ ಹೋಗುವಾಗಲೂ ‘ಬರ್ತೀನಿ’ ಅನ್ನುವವರು.

ಅಲ್ಲಿರುವ ಕ್ರಿಯಾಪದ ‘ತೊಲ್ಯೆರೆ’. ಇಂಗ್ಲಿಷ್ ನಿಘಂಟಿನಲ್ಲಿ ಅದಕ್ಕೆ ‘ರಿಮೂವ್’, ‘ಟೇಕ್ ಅವೇ’, ‘ಟೇಕ್ ಆಫ್’ ಎಂಬ ಅರ್ಥಗಳು ಸಿಗುತ್ತವೆ. ತಪ್ಪೇನಿಲ್ಲ. ಆದರೆ ಇಟಾಲಿಯನ್ ಕತೆಯನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತರುವವರ ಕೈಯಲ್ಲಿ ಇವೆಲ್ಲ ಸೇರಿ ‘ತೆಗೆದುಹಾಕು’ ಎಂಬ ಒಂದೇ ಪದವಾಗುವ ಅಪಾಯವಿದೆ. ಕನ್ನಡಕ್ಕೆ ಆ ಬಡತನವಿಲ್ಲ. ಟೋಪಿ ತೆಗೆಯುತ್ತೇವೆ, ಅಂಗಿ ಬಿಚ್ಚುತ್ತೇವೆ, ಹಲ್ಲು ಕೀಳುತ್ತೇವೆ, ಹತ್ತರಲ್ಲಿ ಮೂರು ಕಳೆಯುತ್ತೇವೆ, ಊಟವಾದ ಮೇಲೆ ಎಲೆ ಎತ್ತುತ್ತೇವೆ. ಇಷ್ಟಕ್ಕೂ ಇಟಾಲಿಯನ್ನಿಗೆ ‘ತೊಲ್ಯೆರೆ’ ಸಾಕು.

ಅದರ ಮೂಲ ಲ್ಯಾಟಿನ್ನಿನ ‘ತೊಲ್ಲೆರೆ’ಗೆ ಮೇಲೆತ್ತು, ಇಲ್ಲವಾಗಿಸು ಎರಡೂ ಅರ್ಥ. ತರುಣ ಆಕ್ಟೇವಿಯನ್‌ನನ್ನು ಹೊಗಳಿ, ಗೌರವಿಸಿ, ಆಮೇಲೆ ‘ಎತ್ತಬೇಕು’ ಎಂದು ಸಿಸೆರೊ ಆಡಿದ್ದನೆನ್ನುವ ಕುಹಕ ಇಂಗ್ಲಿಷಿನಲ್ಲಿ ಅಡಿಟಿಪ್ಪಣಿ ಬೇಡುತ್ತದೆ. ಎತ್ತಂಗಡಿ ಕಂಡ ಕನ್ನಡಿಗನಿಗೆ ಬೇಡ.

ನಿಜವಾದ ತೊಡಕು ‘ತೊಲ್ಯೆರ್ಸಿ’ಯಲ್ಲಿದೆ. ಕೊನೆಯ ‘ಸಿ’ ತನ್ನನ್ನೇ ಸೂಚಿಸುತ್ತದೆ; ಅರ್ಥ, ತನ್ನ ಮೈಮೇಲಿನದನ್ನು ಕಳಚುವುದು. ನಮ್ಮ ‘ಕೊಳ್ಳು’ವೂ ತನ್ನ ಕಡೆಗೆ ತಿರುಗುವುದೇ. ಹಾಗೆಂದು ‘ಕೋಟು ತೆಗೆದುಕೊಂಡ’ ಎಂದು ಬರೆದರೆ, ಅಲ್ಲಿ ಕೋಟು ಕಳಚಿ ಕೂತವನು ಇಲ್ಲಿ ಕೋಟು ಹಿಡಿದು ಹೊರಟೇ ಬಿಡುತ್ತಾನೆ! ತೆಗೆದದ್ದು ಯಾರ ಪಾಲಾಯಿತು ಎಂಬುದನ್ನು ಕನ್ನಡ ಈ ಒಂದು ‘ಕೊ’ದಲ್ಲಿ ಹೇಳುತ್ತದೆ. ‘ರಿಮೂವ್’ ಹೇಳುವುದಿಲ್ಲ.

ಕುವೈತಿನಲ್ಲಿ ಬದುಕುವವರಿಗೆ ಇದು ಬರೀ ವ್ಯಾಕರಣವಾಗಿ ಕಾಣುವುದು ಕಷ್ಟ. 1990ರ ಆಗಸ್ಟಿನಲ್ಲಿ ಇರಾಕ್ ನುಗ್ಗಿದ ಮೇಲೆ ಇಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಇಸ್ಲಾಮೀ ಕಲಾಕೃತಿಗಳು ಬಾಗ್ದಾದಿಗೆ ಹೋದವು. ಅವುಗಳ ಬಗ್ಗೆ ‘ರಿಮೂವ್ಡ್’ ಎಂದರೆ ಏನೋ ದುರಸ್ತಿಗೆ ಕಳಿಸಿದ ಹಾಗೆಯೂ ಕೇಳಬಹುದು. ಕನ್ನಡದಲ್ಲಿ ಬರೆಯುವವನು ತೆಗೆದರೋ, ತೆಗೆದುಕೊಂಡರೋ, ದೋಚಿದರೋ ಎಂದು ತೀರ್ಮಾನಿಸದೆ ವಾಕ್ಯ ಮುಗಿಸಲಾರ. ನಾನು ದೋಚಿದರು ಎಂದೇ ಬರೆಯುತ್ತೇನೆ. 1991ರ ಮಾರ್ಚಿನಲ್ಲಿ ಭದ್ರತಾ ಮಂಡಳಿಯ 686ನೇ ನಿರ್ಣಯ ಕುವೈತಿನ ಆಸ್ತಿಯನ್ನು ಹಿಂತಿರುಗಿಸಲು ಹೇಳಿದಾಗ ಅಲ್ಲಿದ್ದ ಪದವೂ ‘ಸೀಜ್ಡ್’. ಇಂಗ್ಲಿಷಿಗೂ ಬೇಕಾದಾಗ ಗಟ್ಟಿ ಪದ ಸಿಗುತ್ತದೆ. ಆ ವಸ್ತುಗಳಲ್ಲಿ ಬಹುಪಾಲು ಮರಳಿದವು.

ನಮ್ಮ ಜಾಬ್ರಿಯಾದ ತಾರೆಕ್ ರಜಬ್ ವಸ್ತುಸಂಗ್ರಹಾಲಯದಿಂದ ಏನೂ ಹೋಗಲಿಲ್ಲ. ಮನೆಯವರು ನೆಲಮಾಳಿಗೆಯ ಬಾಗಿಲಿಗೆ ಗೋಡೆ ಕಟ್ಟಿ, ಮೆಟ್ಟಿಲ ಮೇಲೆ ಕಸ ಹರಡಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಆ ಗೋಡೆಯನ್ನು ತೆಗೆದರು. ಇಲ್ಲಿ ‘ಕೊ’ ಬೇಕಿಲ್ಲ.