ಬಜೆಗೆ ಯಾವ ನೀರು?

ಬಜೆಯ ಗಡ್ಡೆ ಕಿತ್ತ ದಿನ ನಮ್ಮ ತಾರಸಿಯೆಲ್ಲ ಘಮ್ಮೆನ್ನುತ್ತದೆ. ಮೊನ್ನೆ ಪೀಣ್ಯದ ಗೆಳತಿಯೊಬ್ಬರು ನಾಟಿಗೆಂದು ನಾಲ್ಕು ತುಂಡು ಕೇಳಿದರು. ಮೊಮ್ಮಗಳಿಗೆ ತೇಯ್ದು ನೆಕ್ಕಿಸುವ ಆಸೆ. “ಬೋರ್‌ವೆಲ್ ನೀರು ಬೇಕಾದಷ್ಟಿದೆ ಕಣ್ರೀ, ಹಳೇ ತೊಟ್ಟೀಲೇ ಬೆಳೆಸ್ತೀನಿ” ಎಂದರು. ತುಂಡು ಕೊಟ್ಟೆ, ಆ ನೀರು ಮಾತ್ರ ಬೇಡವೆಂದು ಪಟ್ಟು ಹಿಡಿದೆ. (ಕೂಸಿಗೆ ಬಜೆ ಕೊಡಬಹುದೋ ಬಾರದೋ ವೈದ್ಯರು ಹೇಳಲಿ. ನನ್ನ ಮಾತು ನೀರಿನದು.)

ಪೀಣ್ಯದಲ್ಲಿ ಲೋಹಕ್ಕೆ ಹೊಳಪಿನ ಲೇಪ ಕೊಡುವ ಪ್ಲೇಟಿಂಗ್ ಘಟಕಗಳು ಬಹಳ. ಅಲ್ಲಿಂದ ಹೊರಬಿದ್ದ ಕ್ರೋಮಿಯಂ ಅಂತರ್ಜಲಕ್ಕೆ ಇಳಿದಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಪರೀಕ್ಷೆ ಮಾಡಿಸದ ಬೋರ್‌ವೆಲ್ಲನ್ನು ಮದ್ದಿನ ಗಿಡಕ್ಕೆ ನಾನಂತೂ ಒಪ್ಪೆ.

ಗಿಡ ಈ ಲೋಹವನ್ನು ಎಲೆಗೆ ಕಳಿಸುವುದು ಕಡಿಮೆ. ಬಹುಪಾಲನ್ನು ಬೇರಿನ ಜೀವಕೋಶಗಳಲ್ಲೇ ಕಟ್ಟಿಹಾಕಿಕೊಳ್ಳುತ್ತದೆ. ಹಾಗಾಗಿ ಮೇಲೆ ಎಲೆ ನಳನಳಿಸುತ್ತಿದ್ದರೂ ಕೆಳಗೆ ಬೇರು ಲೋಹ ತುಂಬಿಕೊಂಡಿರಬಹುದು. ನಾವು ತೇಯುವ ಗಡ್ಡೆ ಇರುವುದೂ ಅಲ್ಲೇ, ನೆಲದೊಳಗೆ. ತೊಳೆದರೆ ಮೇಲಿನ ಮಣ್ಣು ಹೋದೀತು, ಒಳಗಿನದು ಹೋಗದು. ಇದೇ ಗುಣಕ್ಕಾಗಿ ಲೋಹ ಸೇರಿ ಕೆಟ್ಟ ನೆಲಗಳಲ್ಲಿ ಲಾವಂಚ ನೆಡುತ್ತಾರೆ. ಮೂರು ಮೀಟರ್ ಆಳಕ್ಕೂ ಇಳಿಯಬಲ್ಲ ಆ ಬೇರು ಸೀಸವನ್ನೂ ಹಿಡಿದಿಡುತ್ತದೆ. ಅಲ್ಲಿ ದುಡಿದ ಲಾವಂಚವನ್ನು ಹೂಜಿಗೆ ಹಾಕಲು ನನಗೆ ಕೈ ಬಾರದು.

ಕೆಲವರು ಲ್ಯಾಬ್ ವರದಿ ತೋರಿಸುತ್ತಾರೆ. ಆಯುರ್ವೇದದ ಮೂಲಿಕೆಗಳಿಗೆ ಕಿಲೋಗೆ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಮಿಲಿಗ್ರಾಂ ಎಂಬ ಮಿತಿ ಇದೆ. ಈ ನಾಲ್ಕರಲ್ಲಿ ಕ್ರೋಮಿಯಂ ಇಲ್ಲ! ಪೀಣ್ಯದ ಬೇರು ಈ ಪರೀಕ್ಷೆ ಪಾಸಾದರೂ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಂತಾಗಲಿಲ್ಲ. ಕ್ರೋಮಿಯಂ ಅನ್ನು ಹೆಸರು ಹೇಳಿಯೇ ಪರೀಕ್ಷೆ ಮಾಡಿಸಬೇಕು.

 

ಕೊಂಡು ತರುವ ಬಜೆಗೂ ನೀರಿನ ಪ್ರಶ್ನೆ ತಪ್ಪಿದ್ದಲ್ಲ. ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ಬಜೆಯನ್ನು ಭತ್ತದಂತೆ ನೀರು ನಿಲ್ಲಿಸಿ ಬೆಳೆಯುತ್ತಾರೆ. ಗದ್ದೆಗೆ ಬಂದ ನೀರಿನಲ್ಲೇ ತಿಂಗಳುಗಟ್ಟಲೆ ನೆನೆಯುವ ಬೆಳೆ ಅದು. ಅದಕ್ಕೇ ಗ್ರಂಥಿಗೆ ಅಂಗಡಿಯಲ್ಲಿ ನಾನು ಬೆಲೆಗಿಂತ ಮೊದಲು ಊರು ಕೇಳುತ್ತೇನೆ. ಬಹಳ ಸಲ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಆಗ ಬರಿಗೈಲಿ ಬರುತ್ತೇನೆ.

ಗೆಳತಿ ಈಗ ತೊಟ್ಟಿಯ ಹಳೇ ಮಣ್ಣು ತೆಗೆಸಿ, ಸೂರಿನ ಮಳೆನೀರಿಗೆ ಡ್ರಮ್ ಇಟ್ಟಿದ್ದಾರೆ. ನಾಲ್ಕರಲ್ಲಿ ಮೂರು ತುಂಡು ಚಿಗುರಿವೆಯಂತೆ.